ಹ್ಯಾಪ್ ಇಲ್ಲದ ಸಭೆ

ಒಂದು ವರ್ಷವಾದರೂ ಎಮಿಲ್ ಗ್ರೆಬಾಕ್‌ಗೆ ಆ ನಗುವನ್ನು ಮರೆಯಲು ಆಗಿರಲಿಲ್ಲ. ಹೋದ ನವೆಂಬರಿನಲ್ಲಿ ಬೆಲ್ಫೋರ್ಡಿನ ಹೋಟೆಲಿನಲ್ಲಿ ಎಂಟು ಕಾಲೇಜುಗಳ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನ ಕೋಚುಗಳು ಉದ್ದನೆಯ ಮೇಜಿನ ಸುತ್ತ ಕೂತು ಒಕ್ಕೂಟದ ಆ ಸೀಸನ್ನಿನ ಶ್ರೇಷ್ಠ ಆಟಗಾರನನ್ನು ಆರಿಸುತ್ತಿದ್ದರು. ಅವರಲ್ಲೊಬ್ಬನಾದ ಎಮಿಲ್ ತನ್ನ ತಂಡದ ಹುಡುಗ ಮಿಲೊ ಪರವಾಗಿ ಗಂಟಲು ಹರಿಯುವಷ್ಟು ಮಾತಾಡಿ ಕೂತಿದ್ದ. ಆಗ ಲಾರೆಲ್ ಫೋರ್ಕ್ ಕಾಲೇಜಿನ ಕೋಚ್ ಹ್ಯಾಪ್ ಡೀಟ್ರಿಕ್ ಎದ್ದು ನಿಂತು, ಹೊಟ್ಟೆ ನೇವರಿಸಿಕೊಳ್ಳುತ್ತ, ಒಂದೇ ಒಂದು ಮಾತು ಹೇಳಿದ.

"ಹುಡುಗ ಒಳ್ಳೆಯವನೇ ಕಣ್ರಪ್ಪಾ. ಆದ್ರೆ ಓಡೋವಾಗ ನೋಡಿದ್ರೆ, ಬೆನ್ನ ಮೇಲೆ ಫ್ರಿಜ್ ಹೊತ್ಕೊಂಡು ಮಹಡಿ ಹತ್ತೋನ ಥರ ಕಾಣ್ತಾನೆ."

ಮೇಜಿಗೆ ಮೇಜೇ ನಕ್ಕಿತು. ಎಮಿಲ್‌ನ ಹಳೆಯ ಸ್ನೇಹಿತ ಫ್ರಿಟ್ಜ್ ಕೂಡ ಕರವಸ್ತ್ರ ಬಾಯಿಗೆ ಅಡ್ಡ ಹಿಡಿದುಕೊಂಡು ನಕ್ಕ. ನಗು ಮುಗಿಯುವ ಹೊತ್ತಿಗೆ ಮಿಲೊನ ಬದುಕೂ ಮುಗಿದಿತ್ತು. ಯಾಕೆಂದರೆ ಆ ಪ್ರಶಸ್ತಿ ಬರೀ ಹಿತ್ತಾಳೆಯ ಫಲಕವಲ್ಲ. ಅದು ಸಿಕ್ಕವನು ಕ್ರಿಸ್‌ಮಸ್ ಹೊತ್ತಿಗೆ ದಕ್ಷಿಣದಲ್ಲಿ ನಡೆಯುವ ದೊಡ್ಡ ಪಂದ್ಯಕ್ಕೆ ಹೋಗುತ್ತಾನೆ. ಹಣ ಕೊಟ್ಟು ಆಡಿಸುವ ದೊಡ್ಡ ತಂಡಗಳವರು ಬಂದು ಕೂರುವುದು ಅಲ್ಲಿ. ಈ ಪೆನ್ಸಿಲ್ವೇನಿಯಾದ ಗುಡ್ಡಗಳ ಸಂದಿಯಲ್ಲಿರುವ ಸಣ್ಣ ಕಾಲೇಜುಗಳ ಕಡೆ ಅವರು ತಲೆ ಹಾಕಿಯೂ ಮಲಗುವುದಿಲ್ಲ. ಇಡೀ ಒಕ್ಕೂಟದಿಂದ ಅಲ್ಲಿಗೆ ಹೋಗುವವನು ಒಬ್ಬನೇ.

ಮಿಲೊ ಹೋಗಲಿಲ್ಲ. ಆಗಸ್ಟಿನಲ್ಲಿ ಎಮಿಲ್ ಅವನನ್ನು ಉಕ್ಕಿನ ಕಾರ್ಖಾನೆಯ ಗೇಟಿನಲ್ಲಿ ಕಂಡ. ಕುಲುಮೆಯ ಝಳಕ್ಕೆ ಹುಬ್ಬು ಸುಟ್ಟು ಹೋಗಿದ್ದವು. "ಪರವಾಗಿಲ್ಲ ಬಿಡಿ ಕೋಚ್," ಎಂದು ಮಿಲೊ ನಕ್ಕ. ಬೈದಿದ್ದರೂ ಎಮಿಲ್ ತಡೆದುಕೊಳ್ಳುತ್ತಿದ್ದ. ಆ 'ಪರವಾಗಿಲ್ಲ'ವನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. ಕಾರಿನಲ್ಲಿ ಕೂತು ಸ್ಟಿಯರಿಂಗಿಗೆ ಗುದ್ದಿ ಗುದ್ದಿ ಅಂಗೈ ಕೆಂಪಗೆ ಮಾಡಿಕೊಂಡ. ಹ್ಯಾಪ್‌ನ ಮೇಲಿನ ಸಿಟ್ಟು ಅವತ್ತಿನಿಂದ ಅವನ ಜೊತೆಯಲ್ಲೇ ಉಂಡು ಅವನ ಜೊತೆಯಲ್ಲೇ ಮಲಗುತ್ತಿತ್ತು.

ಈ ವರ್ಷ ಅವನ ಬಳಿ ಡ್ಯಾನಿ ಲೂಕಚ್ ಇದ್ದ. ಎದುರಾಳಿ ಚೆಂಡು ಹಿಡಿದು ಓಡಿ ಬಂದರೆ ಅಡ್ಡ ಬಿದ್ದು ಕೆಡಹುವುದು ಅವನ ಕೆಲಸ, ಮತ್ತು ಆ ಕೆಲಸವನ್ನು ಅವನ ಹಾಗೆ ಮಾಡುವವನನ್ನು ಎಮಿಲ್ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಹ್ಯಾಪ್‌ನ ಓಟಗಾರ ಕರ್ಟಿಸ್ ಬೀಲ್ ಇಡೀ ಒಕ್ಕೂಟವನ್ನು ಗಾಳಿಯಂತೆ ದಾಟಿ ಹೋಗಿದ್ದ. ಲೂಕಚ್‌ನ ಎದುರು ಆಡಿದ ದಿನ ಮಾತ್ರ ಪಂದ್ಯವಿಡೀ ಮಣ್ಣು ಮುಕ್ಕಿದ್ದ. ಪಂದ್ಯವನ್ನು ಕೊನೆಗಳಿಗೆಯ ಒಂದು ಒದೆತದಲ್ಲಿ ಹ್ಯಾಪ್‌ನ ತಂಡವೇ ಗೆದ್ದಿತು, ಒಕ್ಕೂಟದಲ್ಲಿ ಮೊದಲ ಸ್ಥಾನವೂ ಅವರದೇ ಆಯಿತು. ಅದು ಬೇರೆ ಮಾತು.

ಸೀಸನ್ ಮುಗಿದ ವಾರ, ಹೆಲ್ಮೆಟ್ಟು ಮತ್ತು ಬಟ್ಟೆ ಒಪ್ಪಿಸಲು ಬಂದ ಲೂಕಚ್ ಬಾಗಿಲಲ್ಲೇ ನಿಂತ.

"ಕೋಚ್, ಕುಲುಮೆ ಮೇಸ್ತ್ರಿ ಅಪ್ಪನ ಜಾಗ ನನಗೆ ಕೊಡ್ತೀನಿ ಅಂದಿದ್ದಾರೆ. ಸೋಮವಾರದೊಳಗೆ ಹೇಳ್ಬೇಕಂತೆ."

"ಏನೂ ಹೇಳ್ಬೇಡ. ಭಾನುವಾರ ಸಭೆ ಇದೆ."

"ಬೀಲ್ ಚೆನ್ನಾಗಿ ಓಡ್ತಾನೆ, ಕೋಚ್."

"ಓಡ್ತಾನೆ. ಓಡೋನನ್ನ ನೀನು ಕೆಡವ್ತೀಯ. ಯಾರು ದೊಡ್ಡೋರು?"

ಲೂಕಚ್ ನೆಲ ನೋಡಿ ನಕ್ಕ. "ಅಮ್ಮ ಕೇಳ್ತಿದ್ರು. ಏನು ಹೇಳ್ಲಿ?"

"ಸೂಟ್‌ಕೇಸ್ ಅಟ್ಟದಿಂದ ಇಳಿಸಿ ಒರೆಸಿಡಿ ಅಂತ ಹೇಳು," ಎಂದ ಎಮಿಲ್.

ಹೀಗೆ ಮಾತು ಕೊಟ್ಟ ಮೇಲೆ ಅವನು ಲೆಕ್ಕ ಹಾಕಲು ಕೂತ. ಕೋಚುಗಳೆಂದರೆ ಎಂಟು ಜನ. ಸಭೆಯಲ್ಲಿ ಪ್ರತಿಯೊಬ್ಬನೂ ತನ್ನ ಹುಡುಗನ ಪರವಾಗಿ ಮಾತಾಡಬಹುದು, ಆದರೆ ತನ್ನ ಹುಡುಗನಿಗೆ ತಾನೇ ಮತ ಹಾಕುವಂತಿಲ್ಲ. ಚೀಟಿಯಲ್ಲಿ ಬೇರೆ ಕಾಲೇಜಿನವನ ಹೆಸರು ಬರೆದು ಕಾರ್ಯದರ್ಶಿಯ ಟೋಪಿಯೊಳಗೆ ಹಾಕಬೇಕು. ಬಾರದವನಿಗೆ ಮತವಿಲ್ಲ, ಅವನ ಬದಲಿಗೆ ಇನ್ನೊಬ್ಬನನ್ನು ಕಳಿಸುವಂತಿಲ್ಲ. ಸಮ ಬಂದರೆ ಮೇಲಿನ ಸ್ಥಾನದ ತಂಡದ ಹುಡುಗ ಗೆದ್ದಂತೆ. ಅಂದರೆ ಬೀಲ್.

ತನ್ನ ಚೀಟಿಯಲ್ಲಿ ಎಮಿಲ್ ಪ್ರತಿ ವರ್ಷ ಕಟ್ಟಕಡೆಯ ತಂಡದ ಯಾವನಾದರೂ ಪಾಪದವನ ಹೆಸರು ಗೀಚುತ್ತಿದ್ದ. ಪಕ್ಕದ ಮನೆಯ ಕುದುರೆಗೆ ಹುರುಳಿ ತಿನ್ನಿಸಲು ಅವನಿಗೇನು ತಲೆ ಕೆಟ್ಟಿದೆಯೇ? ಹ್ಯಾಪನೂ ಅದನ್ನೇ ಮಾಡುತ್ತಾನೆ. ಹೀಗಾಗಿ ಎಂಟು ಮತಗಳಲ್ಲಿ ಲೆಕ್ಕಕ್ಕೆ ಬರುವವು ಆರು. ಅದರಲ್ಲಿ ನಾಲ್ಕು ಬೇಕು. ಫ್ರಿಟ್ಜ್ ಮತ್ತು ಇನ್ನಿಬ್ಬರು ಹಳಬರು ಲೂಕಚ್‌ನನ್ನೇ ಬರೆಯುತ್ತೇವೆಂದು ಕೈ ಮುಟ್ಟಿ ಹೇಳಿದ್ದರು. ನಾಲ್ಕನೆಯದು ಹೊಸ ಕೋಚ್ ಪ್ರೂಯಿಟ್‌ನದು. ಅವನಿಗೆ ಇನ್ನೂ ಸ್ವಂತ ಅಭಿಪ್ರಾಯ ಮೊಳೆತಿರಲಿಲ್ಲ. ಕಡೆಯಲ್ಲಿ ಯಾರ ಮಾತು ಕಿವಿಗೆ ಬಿತ್ತೋ ಅವರ ಕಡೆ ವಾಲುವ ಆಸಾಮಿ.

ಕಡೆಯ ಮಾತು ಯಾವಾಗಲೂ ಹ್ಯಾಪ್‌ನದು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಹ್ಯಾಪ್‌ನದು ಅಂಥ ಬಾಯಿ. ಅವನು ಎದ್ದು ನಿಂತು ಲೂಕಚ್‌ನ ಬಗ್ಗೆ ಇನ್ನೊಂದು ಫ್ರಿಜ್ಜಿನ ಜೋಕು ಹಾರಿಸಿದರೆ ಸಾಕು, ಪ್ರೂಯಿಟ್ ನಗುತ್ತಾನೆ. ನಕ್ಕ ಮೇಲೆ ಬೀಲ್‌ನ ಹೆಸರು ಬರೆಯುತ್ತಾನೆ. ಆದ್ದರಿಂದ ಆ ಬಾಯಿ ಭಾನುವಾರ ಬೆಲ್ಫೋರ್ಡಿನಲ್ಲಿ ಇರಬಾರದು. ಇಷ್ಟು ತಿಳಿದ ಮೇಲೆ ಉಳಿದದ್ದು ಬರೀ ಕೈಕೆಲಸ ಎನಿಸಿತು ಎಮಿಲ್‌ಗೆ.

ಹ್ಯಾಪ್‌ನಿಗೆ ಪೆಟ್ಟು ಮಾಡುವ ಯೋಚನೆ ಮೊದಲು ಬಂದಿತ್ತು. ಎರಡು ದಿನ ಅದನ್ನು ಕಬ್ಬಿನಂತೆ ಜಗಿದು ರಸ ಹೀರಿ ಉಗಿದುಬಿಟ್ಟ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹ್ಯಾಪ್ ತಾನಾಗಿ ಹೊರಟು, ಯಾರಿಗೂ ಹೇಳದೆ, ಯಾರೂ ಇಲ್ಲದ ಜಾಗಕ್ಕೆ ಹೋಗಿ ಅಲ್ಲೇ ಸಿಕ್ಕಿಕೊಳ್ಳಬೇಕು. ಕೋಚೊಬ್ಬನನ್ನು ಹಾಗೆ ಹೊರಡಿಸುವ ಎರೆ ಯಾವುದು ಎಂಬುದು ಇನ್ನೊಬ್ಬ ಕೋಚಿಗೆ ಗೊತ್ತಿರದೆ ಇರುತ್ತದೆಯೇ?

ಆ ವರ್ಷ ಜಿಲ್ಲೆಯ ಕೋಚುಗಳ ಕನಸಿನಲ್ಲೆಲ್ಲ ಓಡಾಡುತ್ತಿದ್ದವನು ಜೆಫ್ ರೆನೋ ಎಂಬ ಹೈಸ್ಕೂಲ್ ಹುಡುಗ. ಚೆಂಡನ್ನು ಎಸೆದರೆ ಮೈದಾನದ ಆಚೆ ಕೊನೆಯಲ್ಲಿ ನಿಂತವನ ಎದೆಗೇ ಹೋಗಿ ಕೂರುತ್ತಿತ್ತು. ಅವನನ್ನು ತಮ್ಮ ತಂಡಕ್ಕೆ ಸೆಳೆಯಲು ದೊಡ್ಡ ವಿಶ್ವವಿದ್ಯಾಲಯಗಳವರು ಅವನ ಮನೆಯ ಜಗಲಿಯಲ್ಲಿ ಸರದಿಗೆ ಕೂತಿರುತ್ತಿದ್ದರು. ಅಂಥವನ ಅಪ್ಪನೇ ಫೋನ್ ಮಾಡಿ ಗುಟ್ಟಾಗಿ ಬಾ ಎಂದರೆ ಹೆತ್ತಮ್ಮನ ಮಣ್ಣು ಬಿಟ್ಟಾದರೂ ಕೋಚ್ ಓಡಿ ಹೋಗುತ್ತಾನೆ. ಎಮಿಲ್ ತಾನೂ ಓಡುತ್ತಿದ್ದ. ಚಂದವೆಂದರೆ, ಎಲ್ಲಿಗೆ ಹೋದೆ ಎಂದು ಆ ಮನುಷ್ಯ ಹೆಂಡತಿಗೂ ಬಾಯಿ ಬಿಡುವುದಿಲ್ಲ. ಇಂಥ ಹುಡುಗನ ಸುದ್ದಿ ಹೊರಬಿದ್ದರೆ ಹುಡುಗ ಕೈತಪ್ಪಿದಂತೆ. ಕಳ್ಳನ ಗುಟ್ಟನ್ನು ಕಳವಾದವನೇ ಕಾಯುತ್ತಾನೆ.

ಶುಕ್ರವಾರ ಎಮಿಲ್ ಪಕ್ಕದೂರಿನ ಬಸ್ ನಿಲ್ದಾಣದಿಂದ ಫೋನ್ ಮಾಡಿದ. ದನಿ ಬದಲಿಸಲು ಅವನಿಗೆ ಕಷ್ಟವಾಗಲಿಲ್ಲ. ಕುಲುಮೆಯ ಮುಂದೆ ಬದುಕು ಸವೆಸಿ ಸತ್ತ ತನ್ನ ಅಪ್ಪನ ಹಾಗೆ ಮಾತಾಡಿದ, ಅಷ್ಟೆ.

"ಡೀಟ್ರಿಕ್ಕಾ? ನಾ ಜೆಫ್ ರೆನೋ ಅಪ್ಪ ಮಾತಾಡ್ತಿರೋದು."

ಆ ಕಡೆ ಕುರ್ಚಿ ಕಿರುಗುಟ್ಟಿತು. "ಹೇಳಿ ಅಣ್ಣಾ, ಹೇಳಿ!"

"ಮನೇಲಿ ಇರಕ್ಕೆ ಬಿಡ್ತಿಲ್ಲ ಕಣಪ್ಪ ಜನ. ಕೆಟಲ್ ಗುಡ್ಡದ ಮೇಲೆ ನಮ್ಮೋರ ಬೇಟೆ ಮನೆ ಐತೆ. ಹುಡುಗನ್ನ ಅಲ್ಲಿಗೆ ಕರ್ಕಂಡು ಹೋಗ್ತಿವ್ನಿ. ಅವ್ನಿಗೆ ಸಣ್ಣ ಕಾಲೇಜೇ ಬೇಕಂತೆ. ನಿಮ್ಮ ಹೆಸರು ಹೇಳ್ದ."

"ನನ್ನ ಹೆಸರು ಹೇಳಿದ್ನಾ?" ಹ್ಯಾಪ್‌ನ ದನಿ ಮದುವೆ ಗೊತ್ತಾದ ಹುಡುಗಿಯದರಂತೆ ಮೆತ್ತಗಾಯಿತು.

"ಭಾನುವಾರ ಬೆಳಗ್ಗೆ ಬರ್ಬೇಕು. ಒಬ್ರೇ."

"ಭಾನುವಾರ... ಮಧ್ಯಾಹ್ನ ನಮ್ಮದೊಂದು ಸಭೆ ಇದೆಯಲ್ಲಣ್ಣ. ಅದಕ್ಕೆ ನಾನು ಇರಲೇಬೇಕು."

"ಮಧ್ಯಾಹ್ನ ತಾನೆ? ಅಷ್ಟೊತ್ಗೆ ಮಾತು ಮುಗೀತದೆ. ಆಗಲ್ಲ ಅಂದ್ರೆ ಬಿಡಿ, ಬರೋರು ಬೇಕಾದಷ್ಟು ಜನ ಅವ್ರೆ."

"ಬಿಡೋದೇ? ಬರ್ತೀನಿ ಅಣ್ಣಾ! ಯಾರಿಗೂ ಒಂದು ಮಾತು ಹೇಳಲ್ಲ."

ಎಮಿಲ್ ಫೋನಿಟ್ಟು ಒಂದು ಕಾಫಿ ಕುಡಿದ. ಬೆಣ್ಣೆಯಿಂದ ಕೂದಲೆಳೆದಷ್ಟು ಸಲೀಸಾಗಿತ್ತು ಕೆಲಸ.

ಕೆಟಲ್ ಗುಡ್ಡದ ಜಾಗವನ್ನು ಅವನು ಸುಮ್ಮನೆ ಆರಿಸಿರಲಿಲ್ಲ. ಹೆದ್ದಾರಿ ಬಿಟ್ಟು ಬಹಳ ದೂರ ಕಾಡಿನೊಳಗೆ ಹೋದ ಮೇಲೆ ಗುಡ್ಡದ ಬುಡದಲ್ಲಿ ಅರಣ್ಯ ಇಲಾಖೆಯ ಕಬ್ಬಿಣದ ಗೇಟು. ಒಂದು ಕಡೆ ಹಳ್ಳ, ಇನ್ನೊಂದು ಕಡೆ ಬಂಡೆ. ಗೇಟು ಮುಚ್ಚಿದರೆ ಸೈಕಲ್ಲೂ ನುಸುಳುವಂತಿಲ್ಲ. ಜಿಂಕೆ ಬೇಟೆಯ ಕಾಲವಾದ್ದರಿಂದ ಗೇಟು ಹಾರು ಹೊಡೆದಿರುತ್ತದೆ. ಆದರೆ ಭಾನುವಾರ ಬೇಟೆ ಕಾನೂನಿಗೆ ವಿರುದ್ಧ. ಅವತ್ತು ಆ ಕಾಡಿನಲ್ಲಿ ಜಿಂಕೆಗಳೂ ನಿರಾಳವಾಗಿ ನಿದ್ದೆ ಮಾಡುತ್ತವೆ, ನರಪಿಳ್ಳೆಯೂ ಸುಳಿಯುವುದಿಲ್ಲ. ಹ್ಯಾಪ್ ಮೇಲೆ ಹೋಗುತ್ತಾನೆ. ಬೀಗ ಹಾಕಿದ ಬೇಟೆ ಮನೆಯ ಮುಂದೆ ಕಾಯುತ್ತಾನೆ. ಬೈದುಕೊಂಡು ಕೆಳಗಿಳಿಯುವಷ್ಟರಲ್ಲಿ ಗೇಟು ಮುಚ್ಚಿರುತ್ತದೆ. ನಡೆದು ಹೆದ್ದಾರಿ ಸೇರುವ ಮಾತೇ ಇಲ್ಲ, ಅವನ ಮಂಡಿ ಕಾಲೇಜಿನಲ್ಲಿ ಆಡುವಾಗಲೇ ಹೋಗಿತ್ತು. ಎಮಿಲ್‌ಗೆ ಗೊತ್ತಿರದೆ ಏನು? ಇಬ್ಬರೂ ಒಂದೇ ತಂಡದಲ್ಲಿ ಆಡಿದವರು. ಆ ಮಂಡಿ ಹೋದ ದಿನ ಹ್ಯಾಪ್‌ನನ್ನು ಹೆಗಲ ಮೇಲೆ ಹೊತ್ತು ಹೊರಗೆ ತಂದವನು ಎಮಿಲನೇ.

ಆಮೇಲೆ? ಯಾರೋ ಕಾವಲುಗಾರ ನೋಡದೆ ಬೀಗ ಹಾಕಿಕೊಂಡು ಹೋದ ಎಂದುಕೊಳ್ಳುತ್ತಾನೆ. ಫೋನು ಯಾವುದೋ ದೊಡ್ಡ ವಿಶ್ವವಿದ್ಯಾಲಯದವರ ಕುಚೋದ್ಯ ಎಂದುಕೊಳ್ಳುತ್ತಾನೆ. ನಾಚಿಕೆಗೆ ಯಾರ ಮುಂದೆಯೂ ಹೇಳುವುದಿಲ್ಲ. ಸಂಜೆ ಎಮಿಲ್ ಸದ್ದಿಲ್ಲದೆ ಹೋಗಿ ಬೀಗ ತೆಗೆದು ಬರುತ್ತಾನೆ. ಈ ಯೋಜನೆಯಲ್ಲಿ ಬೆರಳು ತೂರಿಸಲು ಒಂದು ಸಂದಿಯೂ ಅವನಿಗೆ ಕಾಣಲಿಲ್ಲ. ಹುಡುಕಿ ಹುಡುಕಿ ನೋಡಿ ಅವನೇ ತಲೆದೂಗಿದ.

ಭಾನುವಾರ ಬೆಳಿಗ್ಗೆ ಹೆಂಡತಿ ರೋಸ್ ಚರ್ಚಿಗೆ ಹೊರಟು ನಿಂತಿದ್ದಳು.

"ಇಷ್ಟು ಬೇಗ ಎಲ್ಲಿಗೆ? ಸಭೆ ಮಧ್ಯಾಹ್ನ ಅಂದ್ರಲ್ಲ."

"ಒಂದಿಬ್ಬರನ್ನ ಮೊದಲೇ ಮಾತಾಡಿಸಬೇಕು."

"ಹ್ಯಾಪ್ ಸಿಕ್ಕರೆ ಕೇಳಿದೆ ಅಂತ ಹೇಳಿ. ಎಷ್ಟು ವರ್ಷ ಆಯ್ತು ಮನೆಗೆ ಬಂದು. ನಿಮ್ಮಿಬ್ಬರಿಗೂ ವಯಸ್ಸಾಗಿದೆ, ಬುದ್ಧಿ ಬರ್ಲಿಲ್ಲ."

"ಸಿಕ್ಕರೆ ಹೇಳ್ತೀನಿ," ಎಂದ ಎಮಿಲ್, ಕೋಟಿನ ಜೇಬಿನಲ್ಲಿ ಬೀಗವನ್ನು ಬಿಗಿಯಾಗಿ ಹಿಡಿದುಕೊಂಡು.

ಗೇಟಿನ ಈಚೆ ಪಾಳು ಬಿದ್ದ ಗರಗಸದ ಕಾರ್ಖಾನೆಯ ಹಿಂದೆ ಅವನು ಕಾರು ನಿಲ್ಲಿಸಿಕೊಂಡು ಕಾದ. ಎಲೆ ಉದುರಿದ ಮರಗಳ ನಡುವೆ ಹ್ಯಾಪ್‌ನ ಕಂದು ಬಣ್ಣದ ಬ್ಯೂಯಿಕ್ ಕಾರು ಏದುಸಿರು ಬಿಡುತ್ತ ಬಂತು. ಹ್ಯಾಪ್ ಹೊಸ ಟೈ ಕಟ್ಟಿದ್ದ. ಪಕ್ಕದ ಸೀಟಿನ ಬೆನ್ನಿಗೆ ಹುಡುಗನಿಗೆಂದು ಕಾಲೇಜಿನ ಕೆಂಪು ಜಾಕೆಟ್ ಹೊದಿಸಿದ್ದ. ಅದನ್ನು ಕಂಡು ಎಮಿಲ್‌ನ ಮನಸ್ಸು ಒಂದು ಕ್ಷಣ ಮೆತ್ತಗಾಯಿತು. ಮಿಲೊನ ಸುಟ್ಟ ಹುಬ್ಬು ನೆನಪಾದದ್ದೇ ಮತ್ತೆ ಕಲ್ಲಾಯಿತು. ಕಾರಿನ ಸದ್ದು ಗುಡ್ಡದ ಮೇಲೆ ಕರಗಿದ ಮೇಲೆ ಅವನು ಗೇಟು ಎಳೆದು, ಸರಪಳಿ ಸುತ್ತಿ, ತನ್ನ ಬೀಗ ಜಡಿದ. "ಹೊರು ಈಗ ಫ್ರಿಜ್ಜನ್ನ, ಬಡ್ಡಿಮಗನೆ!" ಎಂದು ಮರಗಳಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದ. ವರ್ಷದ ಮೇಲೆ ಮೊದಲ ಬಾರಿಗೆ ಅವನಿಗೆ ಹಸಿವಾಯಿತು.

ಬೆಲ್ಫೋರ್ಡಿನಲ್ಲಿ ಊಟಕ್ಕೆ ಹಂದಿಮಾಂಸವೂ ಹುಳಿ ಕೋಸೂ ಇದ್ದವು. ಎಮಿಲ್ ಎರಡು ಸಲ ಬಡಿಸಿಕೊಂಡ. ಎಲ್ಲರ ಕಣ್ಣೂ ಖಾಲಿ ಕುರ್ಚಿಯ ಮೇಲೇ ಇತ್ತು.

"ಊಟ ಇರೋ ಕಡೆ ಹ್ಯಾಪ್ ತಡ ಮಾಡೋನಲ್ಲ. ಏನೋ ಆಗಿದೆ," ಎಂದ ಓಡೇ ಎಂಬ ಕೆಂಪು ಮೂಗಿನ ಕೋಚ್.

"ಮನೆಗೆ ಫೋನ್ ಮಾಡಿದೆ. ಬೆಳಿಗ್ಗೆನೇ ಹೊರಟನಂತೆ. ಎಲ್ಲಿಗೆ ಅಂತ ಹೆಂಡತಿಗೂ ಗೊತ್ತಿಲ್ಲ," ಎಂದರು ಕಾರ್ಯದರ್ಶಿ ಓಟ್ಸ್. ಅವರು ಲ್ಯಾಟಿನ್ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ನಿಯಮವೆಂದರೆ ನಿಯಮ. ಗಡಿಯಾರ ನೋಡಿ, ಪೈಪು ಕುಟ್ಟಿ, ಸಭೆ ಶುರು ಮಾಡಿದರು.

ಬೇರೆ ಬೇರೆ ಸ್ಥಾನಗಳ ಆಟಗಾರರನ್ನು ಆರಿಸುವುದು ಸುಸೂತ್ರವಾಗಿ ಮುಗಿಯಿತು. ಕಡೆಗೆ ಶ್ರೇಷ್ಠ ಆಟಗಾರನ ಸರದಿ ಬಂತು. ಎಮಿಲ್ ಎದ್ದ. ಅವತ್ತು ಮಾತಾಡಿದ ಹಾಗೆ ಅವನು ಹಿಂದೆಂದೂ ಮಾತಾಡಿರಲಿಲ್ಲ. ಸಿಟ್ಟೆಲ್ಲ ಹದವಾಗಿ ಕಾದು ಮಾತಾಗಿ ಇಳಿಯಿತು. ಲೂಕಚ್ ಕೆಡವಿದ ಒಬ್ಬೊಬ್ಬನನ್ನೂ ಹೆಸರು ಹಿಡಿದು ಹೇಳಿದ, ಕೆಡವಿದ ಮೇಲೆ ಕೈ ಕೊಟ್ಟು ಎಬ್ಬಿಸುತ್ತಿದ್ದುದನ್ನೂ ಹೇಳಿದ. ಯಾರೂ ನಗಲಿಲ್ಲ. ಪ್ರೂಯಿಟ್ ಫೋರ್ಕನ್ನು ಕೆಳಗಿಟ್ಟು, ಬಾಯಿ ತೆರೆದುಕೊಂಡು ಕೇಳಿದ. ಗೆದ್ದೆ ಎಂದುಕೊಂಡು ಎಮಿಲ್ ಕೂತ.

ಆಗ ಓಡೇ ಎದ್ದ.

"ನನಗೆ ಮಾತು ಬರಲ್ಲ, ನಿಮಗೆ ಗೊತ್ತು. ಆದ್ರೆ ಹ್ಯಾಪ್ ಇಲ್ವಲ್ಲ. ಬೀಲ್ ಪರವಾಗಿ ಯಾರಾದ್ರೂ ಒಂದು ಮಾತು ಆಡ್ಬೇಕಲ್ಲ. ಆ ಹುಡುಗ... ಓಡ್ತಾನೆ. ಚೆನ್ನಾಗಿ ಓಡ್ತಾನೆ. ನಮ್ಮನ್ನೆಲ್ಲ ಬಿಟ್ಟು ಓಡಿದ." ಮೂಗು ಒರೆಸಿಕೊಂಡ. "ಕೋಚ್ ಬರಲಿಲ್ಲ ಅಂತ ಹುಡುಗನ್ನ ಮರೀಬಾರದು. ಅಷ್ಟೇ ನಾನು ಹೇಳೋದು."

ಹ್ಯಾಪ್‌ನ ಎಷ್ಟು ಜೋಕನ್ನು ಬೇಕಾದರೂ ಎದುರಿಸಲು ಎಮಿಲ್ ತಯಾರಾಗಿದ್ದ. ಈ ತೊದಲು ಮಾತನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಪ್ರೂಯಿಟ್‌ನ ಕಣ್ಣು ಖಾಲಿ ಕುರ್ಚಿಯ ಕಡೆ ಹೊರಳಿ, ಅಲ್ಲೇ ನಿಂತುಬಿಟ್ಟಿತು. ಥೂ ಇವನ, ಎಂದುಕೊಂಡ ಎಮಿಲ್. ಅವನಿಗೆ ಮೇಜನ್ನೇ ಎತ್ತಿ ಮಗುಚಬೇಕೆನಿಸಿತು.

ಚೀಟಿಗಳು ಟೋಪಿಗೆ ಬಿದ್ದವು. ಓಟ್ಸ್ ಒಂದೊಂದಾಗಿ ತೆಗೆದು ಓದಿದರು. ಲೂಕಚ್. ಬೀಲ್. ಲೂಕಚ್. ಬೀಲ್. ಲೂಕಚ್. ಆರನೆಯದು ಯುಜೀನ್ ಟ್ರಿಪ್, ಕಡೆಯ ಸ್ಥಾನದ ತಂಡದ ಹುಡುಗ.

"ಟ್ರಿಪ್ಪಾ? ಯಾರಪ್ಪ ಅದು ಅವನಿಗೆ ಹಾಕಿದೋರು? ಅವನ ಅಮ್ಮ ಬಂದಿದ್ದಾರಾ ಸಭೆಗೆ?" ಎಂದ ಫ್ರಿಟ್ಜ್. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಎಮಿಲ್.

ಏಳನೆಯ ಚೀಟಿ ಬೀಲ್.

"ಮೂರು, ಮೂರು. ಸಮ," ಎಂದರು ಓಟ್ಸ್. ಪೈಪಿನ ಬೂದಿ ಕೊಡವಿದರು. "ಸಮ ಬಂದರೆ ಮೇಲಿನ ತಂಡದವನು. ಈ ಸೀಸನ್ನಿನ ಶ್ರೇಷ್ಠ ಆಟಗಾರ ಕರ್ಟಿಸ್ ಬೀಲ್. ಕಾಫಿ ಬರಲಿ."

ಎಮಿಲ್ ಕಾಫಿಗೆ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಓಡೇಗೆ ಬೈದ, ಪ್ರೂಯಿಟ್‌ಗೆ ಬೈದ, ಹ್ಯಾಪ್‌ನ ಹದಿನಾಲ್ಕು ತಲೆಮಾರಿಗೂ ಬೈದ. ಬಾಯಿ ಮುಚ್ಚಿಸಿದರೆ ಕುರ್ಚಿಯೇ ಮಾತಾಡುತ್ತದಲ್ಲ ಈ ಮನುಷ್ಯನ ಪರವಾಗಿ! ಲೂಕಚ್‌ನ ಅಮ್ಮ ಸೂಟ್‌ಕೇಸನ್ನು ಆಗಲೇ ಒರೆಸಿಟ್ಟಿರುತ್ತಾಳೆ. ನಾಳೆ ಬೆಳಿಗ್ಗೆ ಆ ಹುಡುಗ ಮೇಸ್ತ್ರಿಯ ಮುಂದೆ ಟೋಪಿ ತೆಗೆದು ನಿಲ್ಲುತ್ತಾನೆ. ಅವನೂ 'ಪರವಾಗಿಲ್ಲ ಬಿಡಿ ಕೋಚ್' ಅನ್ನುತ್ತಾನೆ. ಕೆಟಲ್ ಗುಡ್ಡದ ತಿರುವು ಬಂದಾಗ ಎಮಿಲ್ ನೇರ ಮನೆಗೇ ಹೋಗಿಬಿಡುವವನಿದ್ದ. ಕೊಳೆಯಲಿ ಅಲ್ಲೇ, ಎಂದುಕೊಂಡ. ಆದರೆ ಗಾಳಿಯಲ್ಲಿ ಹಿಮದ ವಾಸನೆಯಿತ್ತು. ತಾನು ಕೊಲೆಗಾರನಂತೂ ಅಲ್ಲ ಎಂದು ಹಲ್ಲು ಕಚ್ಚಿ ಕಾರು ತಿರುಗಿಸಿದ.

ಹೊತ್ತು ಮುಳುಗುತ್ತಿತ್ತು. ಕಾರನ್ನು ದೂರದಲ್ಲೇ ಬಿಟ್ಟು ನಡೆದು ಬಂದ. ಗೇಟಿನ ಆಚೆ ಬ್ಯೂಯಿಕ್ ಕಾಣಲಿಲ್ಲ. ಹೀಟರ್ ಹಾಕಿಕೊಂಡು ಮೇಲೆಯೇ ಕೂತಿರಬೇಕು. ಎಮಿಲ್ ಜೇಬಿನಿಂದ ಕೀಲಿ ತೆಗೆದು ಬೀಗಕ್ಕೆ ತೂರಿಸಿದ.

"ಎಮಿಲ್?"

ಬಂಡೆಯ ನೆರಳಿನಲ್ಲಿ, ಬಿದ್ದ ಮರದ ದಿಮ್ಮಿಯ ಮೇಲೆ ಹ್ಯಾಪ್ ಕೂತಿದ್ದ. ಮೈಮೇಲೆ ಆ ಕೆಂಪು ಜಾಕೆಟ್ಟು, ಹೊಟ್ಟೆಗೆ ಸಾಲದೆ ತೆರೆದುಕೊಂಡಿತ್ತು. ತುಟಿ ನೀಲಿಗಟ್ಟಿತ್ತು.

"ಗೇಟಿಗೆ ಬೀಗ ನೋಡಿ ವಾಪಸ್ ಮೇಲೆ ಹೋಗಿ ಹೀಟರ್ ಹಾಕ್ಕೊಂಡು ಕೂತೆ, ಪೆಟ್ರೋಲು ಮುಗೀತು. ಕುಂಟಿಕೊಂಡು ಇಲ್ಲಿವರೆಗೆ ಬಂದೆ. ಯಾರಾದ್ರೂ ಬರ್ತಾರೆ ಅಂತ ಕೂತಿದ್ದೆ." ಹ್ಯಾಪ್‌ನ ಕಣ್ಣು ಎಮಿಲ್‌ನ ಮುಖದಿಂದ ಕೈಗೆ, ಕೈಯಿಂದ ಕೀಲಿಗೆ ಇಳಿಯಿತು. ಅಲ್ಲಿಂದ ಮೇಲೆ ಬರಲಿಲ್ಲ. "ಓ," ಎಂದ. "ರೆನೋ ಅಪ್ಪ."

ಸುಳ್ಳು ಹೇಳಲು ಎಮಿಲ್ ಬಾಯಿ ತೆರೆದ. ಸುಳ್ಳಿನ ಬದಲು ವರ್ಷದ ಸಿಟ್ಟೆಲ್ಲ ಕಿತ್ತುಕೊಂಡು ಬಂತು.

"ಹೌದು, ನಾನೇ ಕಣೋ! ಏನು ಮಾಡ್ಕೊಳ್ತೀಯೋ ಮಾಡ್ಕೊ! ಪೊಲೀಸಿಗೆ ಹೇಳು, ಪೇಪರಿಗೆ ಹೇಳು. ಮಿಲೊನ ಮೇಲೆ ಜೋಕು ಹೊಡೆದು ಕುಲುಮೆಗೆ ಕಳಿಸ್ದೆ. ಲೂಕಚ್‌ನಾದ್ರೂ ಉಳಿಸ್ಕೊಳ್ಳೋಣ ಅಂದ್ರೆ, ನೀನು ಇಲ್ದೇನೂ ಗೆದ್ದೆಯಲ್ಲೋ! ಮೂರಕ್ಕೆ ಮೂರು ಸಮ, ಮೇಲಿನ ತಂಡದ ಲೆಕ್ಕದಲ್ಲಿ ನಿನ್ನ ಬೀಲೇ ಗೆದ್ದ. ಸಂತೋಷ ಆಯ್ತಾ?"

ಹ್ಯಾಪ್ ನಗಲಿಲ್ಲ. ಸಿಟ್ಟೂ ಮಾಡಲಿಲ್ಲ. ಮರಗಟ್ಟಿದ ಬೆರಳುಗಳನ್ನು ಬಾಯಿಯ ಮುಂದೆ ಹಿಡಿದು ಊದಿಕೊಳ್ಳುತ್ತಿದ್ದವನು, ಆ ಬೆರಳುಗಳ ಮೇಲೇ ಏನನ್ನೋ ಎಣಿಸತೊಡಗಿದ. ಎಣಿಸಿ ಮುಗಿಸಿ, ಇನ್ನೊಮ್ಮೆ ಮೊದಲಿಂದ ಎಣಿಸಿದ. ಆಮೇಲೆ ತಲೆಯೆತ್ತಿ ಎಮಿಲ್‌ನನ್ನು ನೋಡಿದ, ಹಿಂದೆ ಮೈದಾನದಲ್ಲಿ ಮಂಡಿ ಮುರಿದು ಬಿದ್ದಾಗ ನೋಡಿದ ಹಾಗೆ. "ಮೂರು, ಮೂರು," ಎಂದ ಮೆಲ್ಲಗೆ. "ಲೇ ಎಮಿಲ್, ನಮ್ಮ ಹುಡುಗನ ಹೆಸರು ನಾನು ಬರೆಯೋ ಹಾಗಿಲ್ಲ. ಇಡೀ ಸೀಸನ್ನಿನಲ್ಲಿ ಅವನನ್ನ ಕೆಡವಿದೋನು ಒಬ್ಬನೇ ಒಬ್ಬ. ಇನ್ಯಾರ ಹೆಸರು ಬರೀತಿದ್ದೆ ಅಂದ್ಕೊಂಡೆಯೋ ನಾನು?"